ಗರ್ಭಿಣಿಗೆ ಸಕ್ಕರೆ ಕಾಯಿಲೆಯಿದ್ದರೆ ಎದೆಹಾಲಿನ ತಯಾರಿ ಹೆರಿಗೆಗೆ ಮುಂಚೆಯೇ

(ತೆರೆಯ ಮೇಲೆ: ತಾಯಿ ಕಾರ್ಡ್ ಹಿಡಿದು ಕುಳಿತ ಗರ್ಭಿಣಿ)

ನಮಸ್ಕಾರ. ಗರ್ಭಿಣಿಗೆ ಶುಗರ್ ಇದೆ ಎಂದು ವೈದ್ಯರು ಹೇಳಿದ ದಿನದಿಂದ ಮನೆಯಲ್ಲಿ ಊಟದ ಪಥ್ಯ, ಇನ್ಸುಲಿನ್, ಹೆರಿಗೆಯ ದಿನಾಂಕ ಇವುಗಳದ್ದೇ ಮಾತು. ಹಾಲೂಡಿಸುವ ವಿಚಾರ ಮಗು ಅತ್ತಾಗಷ್ಟೇ ನೆನಪಾಗುತ್ತದೆ. ಆದರೆ ಈ ತಾಯಂದಿರಿಗೆ ತೊಡಕು ಎದುರಾಗುವುದು ಹೆರಿಗೆಯ ನಂತರದ ಮೊದಲ ಮೂರು ನಾಲ್ಕು ದಿನಗಳಲ್ಲೇ. ಹಾಗಾಗಿ ತಯಾರಿ ಎಂಟನೆಯ ತಿಂಗಳಲ್ಲೇ ಆರಂಭವಾಗಬೇಕು.

ಮಾಸು ಹೊರಬಿದ್ದ ಮೇಲೆ ತಾಯಿಯ ರಕ್ತದಲ್ಲಿ ಗರ್ಭವನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟರಾನ್ ಕುಸಿಯುತ್ತದೆ, ಹಾಲು ತಯಾರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್‌ಗೆ ದಾರಿಯಾಗುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಎದೆಗೆ ಹಾಲಿಳಿಯುತ್ತದೆ. ಹಾಲು ತಯಾರಿಸುವ ಜೀವಕೋಶಗಳಿಗೆ ಇನ್ಸುಲಿನ್ ಕೂಡ ಅಗತ್ಯವಾದ್ದರಿಂದ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ತಾಯಂದಿರಲ್ಲಿ ಇದು ತಡವಾಗುವ ಸಾಧ್ಯತೆ ಹೆಚ್ಚು. ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಅಥವಾ ಹತೋಟಿಗೆ ಬಾರದ ಥೈರಾಯ್ಡ್ ತೊಂದರೆ ಜೊತೆಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಮಗುವಿನ ಕಡೆಯಿಂದಲೂ ಒಂದು ತೊಡಕಿದೆ. ಗರ್ಭದಲ್ಲಿ ತಾಯಿಯಿಂದ ಹೆಚ್ಚು ಸಕ್ಕರೆ ಪಡೆದ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೆಲವೇ ಗಂಟೆಗಳಲ್ಲಿ ಅದರ ರಕ್ತದ ಸಕ್ಕರೆ ಇಳಿಯಬಹುದು. ಆಗ ಡಬ್ಬಿಹಾಲು ಕೊಡುತ್ತಾರೆ, ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ, ಚೀಪದ ಎದೆಯಲ್ಲಿ ಹಾಲು ಹೆಚ್ಚುವುದಿಲ್ಲ. ಇಷ್ಟಾದ ಮೇಲೆ ಬಾಣಂತಿಯ ಮುಂದೆಯೇ "ಇವಳಿಗೆ ಹಾಲಿಲ್ಲ" ಎಂದುಬಿಡುವುದು ದೊಡ್ಡ ಅನ್ಯಾಯ.

(ತೆರೆಯ ಮೇಲೆ: ಕೈಯಿಂದ ಹಾಲು ಹಿಂಡುವ ಕ್ರಮದ ರೇಖಾಚಿತ್ರ)

ಈ ಸರಪಳಿಯನ್ನು ತುಂಡರಿಸುವ ಒಂದು ಉಪಾಯವೆಂದರೆ ಗಿಣ್ಣುಹಾಲನ್ನು, ಅಂದರೆ ತಾಯಿಯ ಎದೆಯಲ್ಲಿ ಮೊದಲು ಬರುವ ಗಟ್ಟಿ ಹಾಲನ್ನು, ಹೆರಿಗೆಗೆ ಮುಂಚೆಯೇ ಹಿಂಡಿ ಶೇಖರಿಸುವುದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಕ್ಕರೆ ಕಾಯಿಲೆಯಿದ್ದ, ಬೇರೆ ತೊಡಕುಗಳಿಲ್ಲದ 635 ಗರ್ಭಿಣಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 36ನೆಯ ವಾರದಿಂದ ದಿನಕ್ಕೆರಡು ಸಲ ಹೀಗೆ ಹಿಂಡಿದ್ದರಿಂದ ಮಗುವಿಗೆ ಹಾನಿ ಕಂಡುಬರಲಿಲ್ಲ. ಆದರೆ ಅವಧಿಗೆ ಮುನ್ನ ನೋವು ಬಂದವರು, ರಕ್ತಸ್ರಾವವಾದವರು, ಮಾಸು ಕೆಳಗಿರುವವರು, ಗರ್ಭಕಂಠಕ್ಕೆ ಹೊಲಿಗೆ ಹಾಕಿಸಿಕೊಂಡವರು ಮತ್ತು ಅವಳಿ ಮಕ್ಕಳ ತಾಯಂದಿರು ಇದನ್ನು ಮಾಡಬಾರದು. ಉಳಿದವರೂ ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು.

ಕೈ ತೊಳೆದುಕೊಂಡು, ಮೊಲೆತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಇಟ್ಟು, ಎದೆಗೂಡಿನತ್ತ ಮೆಲ್ಲನೆ ಒತ್ತಿ, ಬೆರಳುಗಳನ್ನು ಹತ್ತಿರ ತಂದು ಸಡಿಲಿಸಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಬಂದ ಹನಿಗಳನ್ನು ಸೂಜಿಯಿಲ್ಲದ ಹೊಸ ಸಿರಿಂಜಿಗೆ ಎಳೆದುಕೊಂಡು, ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ. ಮೊದಲ ದಿನಗಳಲ್ಲಿ ಏನೂ ಬರದಿದ್ದರೂ ಮುಂದೆ ಹಾಲಿರುವುದಿಲ್ಲ ಎಂದು ಅದರ ಅರ್ಥವಲ್ಲ. ಹೊಟ್ಟೆ ಬಿಗಿದು ನೋವು ಬಂದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಸಿಸೇರಿಯನ್ ಆದರೂ ಸಾಧ್ಯವಿದ್ದರೆ ಮಗುವನ್ನು ಎದೆಗೆ ಒರಗಿಸಿ, ಒಂದು ಗಂಟೆಯೊಳಗೆ ಹಾಲೂಡಿಸಲು ನೆರವಾಗಬೇಕೆಂದು ಆಸ್ಪತ್ರೆಯವರಿಗೆ ಮೊದಲೇ ಹೇಳಿಡಿ. ಆಮೇಲೆ ಎರಡು ಮೂರು ಗಂಟೆಗೊಮ್ಮೆಯಾದರೂ ಕುಡಿಸಬೇಕು. ಮಗುವನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಒಯ್ದರೆ ಆದಷ್ಟು ಬೇಗ ಹಿಂಡಲಾರಂಭಿಸಿ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮಗುವಿನ ಸಕ್ಕರೆ ಮೇಲೇರದಿದ್ದರೆ ವೈದ್ಯರು ಹೇಳಿದ ಪೂರಕ ಹಾಲನ್ನು ಖಂಡಿತ ಕೊಡಿ. ಮೊದಲ ಆಯ್ಕೆ ನೀವು ಹಿಂಡಿಟ್ಟ ಹಾಲು, ನಂತರ ಸಿಗುವುದಾದರೆ ಬೇರೆ ತಾಯಂದಿರು ದಾನ ಮಾಡಿದ ಎದೆಹಾಲಿನ ಬ್ಯಾಂಕಿನ ಹಾಲು, ಆಮೇಲೆ ಡಬ್ಬಿಹಾಲು. ಯಾವುದನ್ನೇ ಆದರೂ ಬಾಟಲಿಯ ಬದಲು ಒಳಲೆಯಲ್ಲಿ ಕುಡಿಸಬಹುದು.

(ತೆರೆಯ ಮೇಲೆ: ಬಾಣಂತಿ ಕೋಣೆ, ಅಜ್ಜಿಯ ಕೈಯಲ್ಲಿ ಒಳಲೆ)

ಬಾಣಂತನ ಮಾಡುವ ಹಿರಿಯರಲ್ಲಿ ಒಂದು ಕೋರಿಕೆ. ಮಗುವಿನ ನಾಲಿಗೆಗೆ ಜೇನುತುಪ್ಪ, ಸಕ್ಕರೆನೀರು ಬೇಡ. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ. ಸಬ್ಬಸಿಗೆ ಸೊಪ್ಪಿನ ಪಲ್ಯ ಒಳ್ಳೆಯ ಊಟವೇ. ಮೆಂತ್ಯದ ಉಂಡೆಯಲ್ಲಿ ಬೆಲ್ಲವಿರುತ್ತದೆ, ಜೊತೆಗೆ ಹೆಚ್ಚು ಮೆಂತ್ಯ ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವ ಬಾಣಂತಿಗೆ ವೈದ್ಯರನ್ನು ಕೇಳಿಯೇ ಕೊಡಿ. ಇನ್ಸುಲಿನ್ ಮತ್ತು ಮೆಟ್‌ಫಾರ್ಮಿನ್ ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳು, ಹೆದರಿ ನಿಲ್ಲಿಸಬೇಡಿ.

72 ಗಂಟೆ ಕಳೆದರೂ ಎದೆ ತುಂಬಿದಂತೆ ಅನಿಸದಿದ್ದರೆ, ಐದು ದಿನಗಳ ನಂತರವೂ ಮಗು ದಿನಕ್ಕೆ ಆರು ಸಲ ಮೂತ್ರ ಮಾಡದಿದ್ದರೆ, ಅಥವಾ ಎರಡು ವಾರಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ವೈದ್ಯರಿಗೆ ತೋರಿಸಿ. ಮಗು ಮಂಕಾಗಿ, ಕುಡಿಯದೆ ಮಲಗಿದ್ದರೆ ಅಷ್ಟು ಕಾಯದೆ ಅಂದೇ ಕರೆದೊಯ್ಯಿರಿ. ಆಶಾ ಕಾರ್ಯಕರ್ತೆ ಮೂರನೆಯ ಮತ್ತು ಏಳನೆಯ ದಿನ ಮನೆಗೆ ಬಂದಾಗ ಮಗುವಿನ ತೂಕ ನೋಡಿಸಿ, ಹಾಲಿನ ಬಗ್ಗೆ ಇರುವ ಆತಂಕವನ್ನು ಸಂಕೋಚವಿಲ್ಲದೆ ಅವರ ಬಳಿ ಹೇಳಿಕೊಳ್ಳಿ.