ಮುಳ್ಳು ಹೇಳುವುದೇನು: ಹಳೆಯ ಲೈಟ್ ಮೀಟರಿನ ಓದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪೆಟ್ಟಿಗೆ. ಒಂದು ಬದಿಗೆ ಜೇನುಹಟ್ಟಿಯಂಥ ಗಾಜು. ಇನ್ನೊಂದು ಬದಿಗೆ ಗಡಿಯಾರದಲ್ಲಿರುವಂಥ ಮುಳ್ಳು. ಅದರ ಪಕ್ಕದಲ್ಲಿ ಒಂದರೊಳಗೊಂದು ತಿರುಗುವ ಬಿಲ್ಲೆಗಳು, ಅವುಗಳ ತುಂಬ ಅಂಕಿಗಳು. ಫಿಲ್ಮ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ಮುನ್ನ ಬೆಳಕನ್ನು ಅಳೆಯುವ ಹಳೆಯ ಲೈಟ್ ಮೀಟರ್ ಅಂದರೆ ಇಷ್ಟೆ. ಅಂಕಿಗಳ ಈ ಗಿಜಿಗಿಜಿ ನೋಡಿಯೇ ಎಷ್ಟೋ ಜನ ಅದನ್ನು ಮತ್ತೆ ಚೀಲಕ್ಕೆ ಹಾಕಿಬಿಡುತ್ತಾರೆ. ಆದರೆ ಅದನ್ನು ಓದಲು ಅರ್ಧ ದಿನದ ಅಭ್ಯಾಸ ಸಾಕು.

ಅಮೆರಿಕದ ವೆಸ್ಟನ್ ಕಂಪನಿ 1932ರಲ್ಲಿ ಇಂಥ ಮೀಟರನ್ನು ಮಾರುಕಟ್ಟೆಗೆ ತಂದಿತು. ಒಳಗಿರುವುದು ಸೆಲೆನಿಯಂ ಲೇಪದ ಸೆಲ್. ಬೆಳಕು ಬಿದ್ದರೆ ಅದೇ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತು ಕೂದಲೆಳೆಯ ತಂತಿಯ ಸುರುಳಿಯಲ್ಲಿ ಹರಿದು ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬೇಕಿಲ್ಲ.

ಮೊದಲು ಮೀಟರನ್ನು ಪರೀಕ್ಷಿಸಿಕೊಳ್ಳಿ. ಗಾಜನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಹಿಂಬದಿಯಲ್ಲೋ ಬದಿಯಲ್ಲೋ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಬೆರಳಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಮತ್ತೆ ನೋಡಿ. ಮುಳ್ಳನ್ನು ಯಾವಾಗಲೂ ನೇರ ಮೇಲಿನಿಂದ, ಒಂದೇ ಕಣ್ಣಿನಿಂದ ನೋಡಬೇಕು. ಓರೆಯಾಗಿ ನೋಡಿದರೆ ಪಕ್ಕದ ಗೆರೆ ಕಾಣುತ್ತದೆ. ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ಮುಳ್ಳಿನ ಮೇಲಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಅಲ್ಲಿ ಸ್ಥಿರವಿದ್ಯುತ್ ಕೂರುತ್ತದೆ, ಮುಳ್ಳು ಅದಕ್ಕೆ ಸೆಳೆದುಕೊಂಡು ಅಲ್ಲೇ ಅಂಟಿ ನಿಲ್ಲುತ್ತದೆ. ಮೀಟರ್ ಕೆಟ್ಟಿತೆಂದು ಬಿಚ್ಚಬೇಡಿ. ಕಿಟಕಿಯ ಮೇಲೆ ಬಾಯಿಂದ ಒಮ್ಮೆ ಹಬೆ ಊದಿ. ಆ ತೇವಕ್ಕೆ ಮುಳ್ಳು ಬಿಡುಗಡೆಯಾಗುತ್ತದೆ.

ಇನ್ನು ಓದುವ ಕ್ರಮ. ಫಿಲ್ಮಿನ ವೇಗವನ್ನು, ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿಯನ್ನು, ಬಿಲ್ಲೆಯ ಪುಟ್ಟ ಕಿಂಡಿಯಲ್ಲಿ ಹೊಂದಿಸಿ. ಇಲ್ಲೇ ಮೊದಲ ಎಡವಟ್ಟು. ವೆಸ್ಟನ್‌ನ ಹಳೆಯ ಮೀಟರುಗಳಲ್ಲಿ ಇರುವುದು ವೆಸ್ಟನ್ನಿನದೇ ಅಂಕಿ, ಇಂದಿನ ಐಎಸ್‌ಒಗೆ ಸಮನಾದ ಎಎಸ್‌ಎ ಅಲ್ಲ. ಎರಡಕ್ಕೂ ಸುಮಾರು ಮೂರನೇ ಒಂದು ಸ್ಟಾಪಿನ ವ್ಯತ್ಯಾಸ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟಾಗುವುದು ಇಲ್ಲವೇ ಅರ್ಧವಾಗುವುದು. ಎಎಸ್‌ಎ 100 ಎಂದರೆ ವೆಸ್ಟನ್ 80, ಎಎಸ್‌ಎ 125 ಎಂದರೆ ವೆಸ್ಟನ್ 100. ಜರ್ಮನ್ ಮೀಟರುಗಳಲ್ಲಿ ಡಿನ್ ಎಂಬ ಅಲ್ಲಿನ ಮಾನಕದ ಅಂಕಿ ಇರುತ್ತದೆ. ಎಎಸ್‌ಎ 100 ಅಲ್ಲಿ 21 ಡಿನ್. ಮೂರು ಹೆಚ್ಚಾದರೆ ವೇಗ ಎರಡು ಪಟ್ಟು.

ಆಮೇಲೆ ಮೀಟರನ್ನು ದೃಶ್ಯದತ್ತ ಹಿಡಿದು, ಮುಳ್ಳು ತೋರಿಸಿದ ಅಂಕಿಯನ್ನು ಓದಿ, ಬಿಲ್ಲೆಯ ಬಾಣವನ್ನು ಅದೇ ಅಂಕಿಗೆ ತಿರುಗಿಸಿ. ಈಗ ಲೆನ್ಸಿನ ತೂತಿನ ಅಗಲ ಹೇಳುವ ಅಪರ್ಚರ್ ಅಂಕಿಗಳೂ (ಎಫ್ ಅಂಕಿಗಳು), ಫಿಲ್ಮಿಗೆ ಬೆಳಕು ಬೀಳುವ ಸಮಯ ಹೇಳುವ ಶಟರ್ ಅಂಕಿಗಳೂ ಎದುರುಬದುರು ಬಂದು ಕೂರುತ್ತವೆ. ಉದಾಹರಣೆಗೆ ವೆಸ್ಟನ್ನಿನ ‘ಮಾಸ್ಟರ್ II’ ಎಂಬ ಮಾದರಿಯಲ್ಲಿ ವೇಗ 100, ಮುಳ್ಳು 100ರ ಮೇಲೆ ಎಂದಿಟ್ಟುಕೊಳ್ಳಿ. ಎಫ್ 11ರ ಎದುರು ಸೆಕೆಂಡಿನ 100ನೇ ಒಂದು ಭಾಗ ಬರುತ್ತದೆ. ಎಫ್ 16ಕ್ಕೆ 50ನೇ ಒಂದು ಭಾಗ, ಎಫ್ 8ಕ್ಕೆ 200ನೇ ಒಂದು ಭಾಗ. ಮೂರರಲ್ಲಿಯೂ ಫಿಲ್ಮಿಗೆ ಸಿಗುವ ಬೆಳಕು ಒಂದೇ. ಬಿಲ್ಲೆಯಲ್ಲಿ 50 ಎಂದು ಬಂದು, ನಿಮ್ಮ ಕ್ಯಾಮೆರಾದಲ್ಲಿ 60 ಮಾತ್ರ ಇದ್ದರೆ 60ನ್ನೇ ಬಳಸಿ. ಆ ವ್ಯತ್ಯಾಸ ಚಿತ್ರದಲ್ಲಿ ಗೊತ್ತಾಗುವುದಿಲ್ಲ.

ಬೆಳಕು ಕಡಿಮೆಯಿದ್ದರೆ ಮಾಸ್ಟರಿನ ಹಿಂಬದಿಯ ತೂತುಗಳ ಮುಚ್ಚಳವನ್ನು ತೆರೆಯಬೇಕು. ಆಗ ಮುಳ್ಳಿನ ಕೆಳಗಿನ ಅಂಕಿಗಳ ಪಟ್ಟಿಯೂ ತಾನಾಗಿ ಬದಲಾಗುತ್ತದೆ.

ಇಲ್ಲಿಯವರೆಗಿನದು ಯಂತ್ರದ ಕೆಲಸ, ಇನ್ನು ಮುಂದಿನದು ನಿಮ್ಮ ಕೆಲಸ. ಮೀಟರಿಗೆ ಎದುರಿಗಿರುವುದು ಗೋಡೆಯೋ ಮುಖವೋ ತಿಳಿಯದು. ತಾನು ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರುವ ಲೆಕ್ಕವನ್ನಷ್ಟೇ ಅದು ಕೊಡುತ್ತದೆ. ಬಿಳಿ ಗೋಡೆಗೆ ಹಿಡಿದು ಅದು ಹೇಳಿದಂತೆಯೇ ತೆಗೆದರೆ ಗೋಡೆ ಬೂದಾಗುತ್ತದೆ. ಕಪ್ಪು ಕೋಟಿಗೆ ಹಿಡಿದರೆ ಕೋಟೂ ಬೂದು. ಹಾಗಾಗಿ ಬಿಳಿಗೆ ಮೀಟರ್ ಹೇಳಿದ್ದಕ್ಕಿಂತ ಒಂದೂವರೆಯಿಂದ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಿ, ಕಪ್ಪಿಗೆ ಅಷ್ಟೇ ಕಡಿಮೆ ಮಾಡಿ. ಬಿಳಿ ಕಂಡಾಗ ಬೆಳಕು ಕಡಿಮೆ ಮಾಡಲು ಕೈ ತಾನಾಗಿ ಹೋಗುತ್ತದೆ. ಮಾಡಬೇಕಾದದ್ದು ಅದರ ತದ್ವಿರುದ್ಧ.

ಹೊರಾಂಗಣದಲ್ಲಿ ಅತಿ ಹೆಚ್ಚು ಚಿತ್ರ ಕೆಡಿಸುವುದು ಆಕಾಶ. ಈ ಮೀಟರುಗಳ ನೋಟ ಅಗಲ. ಎದುರಿಗೆ ಹಿಡಿದರೆ ಅರ್ಧ ಆಕಾಶವನ್ನೇ ಅಳೆಯುತ್ತವೆ. ಮುಳ್ಳು ಜಿಗಿಯುತ್ತದೆ, ಚಿತ್ರದಲ್ಲಿ ಮುಖ ಕಪ್ಪಾಗುತ್ತದೆ. ಮೀಟರಿನ ಮೂತಿಯನ್ನು ನೆಲದತ್ತ ತುಸು ಬಾಗಿಸಿ ಹಿಡಿಯಿರಿ. ಬೂದು ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಕಾರ್ಡ್ ಅದು. ಮುಖದ ಪಕ್ಕದಲ್ಲೇ ಅದನ್ನು ಹಿಡಿದು, ಸುಮಾರು 15 ಸೆಂಟಿಮೀಟರ್ ದೂರದಿಂದ ಅಳೆಯಿರಿ. ಕೈಯ ನೆರಳು ಕಾರ್ಡಿನ ಮೇಲೆ ಬೀಳಬಾರದು.

ಮಾಸ್ಟರಿನ ಬಿಲ್ಲೆಯ ಮೇಲೆ ಬಾಣದ ಆಚೀಚೆ ‘ಯು’ (ಅಂಡರ್, ಅಂದರೆ ಬೆಳಕು ಸಾಲದು) ಮತ್ತು ‘ಓ’ (ಓವರ್, ಅಂದರೆ ಬೆಳಕು ಹೆಚ್ಚು) ಅಕ್ಷರಗಳಿವೆ. ಬಾಣದಿಂದ ನಾಲ್ಕು ಸ್ಟಾಪ್ ಕೆಳಗೆ ‘ಯು’, ಮೂರು ಸ್ಟಾಪ್ ಮೇಲೆ ‘ಓ’. ನೆರಳಿನ ಭಾಗವನ್ನು ಹತ್ತಿರ ಹೋಗಿ ಅಳೆಯಿರಿ, ಬಿಸಿಲಿನ ಭಾಗವನ್ನೂ ಅಳೆಯಿರಿ. ಎರಡೂ ಅಂಕಿಗಳು ಈ ಎರಡು ಅಕ್ಷರಗಳ ನಡುವೆ ಬರುವಂತೆ ಬಿಲ್ಲೆ ತಿರುಗಿಸಿದರೆ ಫಿಲ್ಮಿನಲ್ಲಿ ಎರಡೂ ಉಳಿಯುತ್ತವೆ. ಮೀಟರಿನ ಅತ್ಯಂತ ಜಾಣ ಭಾಗ ಇದೇ. ಆದರೂ ಜನ ಈ ಅಕ್ಷರಗಳತ್ತ ಕಣ್ಣೆತ್ತಿ ನೋಡುವುದಿಲ್ಲ.

ಸೆಕೋನಿಕ್ ಎಲ್ 398ರಂಥ ಮೀಟರುಗಳದು ಬೇರೆ ದಾರಿ. ಅದರ ಮೇಲೆ ಅರ್ಧ ಚೆಂಡಿನಂಥ ಬಿಳಿ ಗುಮ್ಮಟ. ನೀವು ಚಿತ್ರ ತೆಗೆಯುವ ವ್ಯಕ್ತಿಯ ಬಳಿ ನಿಂತು, ಗುಮ್ಮಟವನ್ನು ಕ್ಯಾಮೆರಾದತ್ತ ಹಿಡಿದು, ಅವರ ಮೇಲೆ ಬೀಳುವ ಬೆಳಕನ್ನೇ ಅಳೆಯುತ್ತೀರಿ. ಬಟ್ಟೆಯ ಬಣ್ಣ ಇಲ್ಲಿ ಲೆಕ್ಕಕ್ಕಿಲ್ಲ. ತೀರಾ ಬಿಸಿಲಿನಲ್ಲಿ ‘ಹೈ’ ಎಂಬ ತೂತಿನ ತಗಡನ್ನು ಒಳಗೆ ತೂರಿಸಬೇಕು, ಆಗ ಬಿಲ್ಲೆಯನ್ನು ‘ಎಚ್’ ಗುರುತಿನಿಂದಲೇ ಓದಬೇಕು. ತಗಡು 32ರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ. ತಗಡು ಹಾಕಿ ಗುರುತು ಮರೆತರೆ ಐದು ಸ್ಟಾಪ್ ಹೆಚ್ಚಾಗಿ ಫಿಲ್ಮ್ ಸುಟ್ಟಂತೆಯೇ.

ಸೆಲ್ ಇನ್ನೂ ಜೀವಂತವಿದೆಯೇ? ನಿರ್ಮಲ ಆಕಾಶದ ನಡುಹಗಲ ಬಿಸಿಲಿನಲ್ಲಿ ಬೂದು ಕಾರ್ಡ್ ಅಳೆಯಿರಿ. ಎಎಸ್‌ಎ 100ಕ್ಕೆ ಎಫ್ 16, 125ನೇ ಒಂದು ಭಾಗದ ಆಸುಪಾಸು ಬರಬೇಕು. ಆಮೇಲೆ ನೆರಳಿನಲ್ಲಿ, ಕಿಟಕಿಯ ಪಕ್ಕದಲ್ಲಿ, ಕೋಣೆಯ ಒಳಗೆ ಒಂದು ಒಳ್ಳೆಯ ಕ್ಯಾಮೆರಾದ ಓದಿನೊಂದಿಗೆ ಹೋಲಿಸಿ. ಎಲ್ಲ ಕಡೆಯೂ ಒಂದೇ ಸ್ಟಾಪ್ ಕಡಿಮೆ ಬೆಳಕು ತೋರಿಸಿದರೆ ಚಿಂತೆಯಿಲ್ಲ, ಎಎಸ್‌ಎ 100ರ ಫಿಲ್ಮಿಗೆ ಬಿಲ್ಲೆಯಲ್ಲಿ 200 ಇಡಿ. ಒಂದು ಕಡೆ ಅರ್ಧ, ಇನ್ನೊಂದು ಕಡೆ ಎರಡೂವರೆ ತಪ್ಪಿದರೆ ಸೆಲ್ಲಿನ ಆಯುಸ್ಸು ಮುಗಿದಿದೆ. ತೇವವೇ ಅದರ ದೊಡ್ಡ ಶತ್ರು. ಚೀಲದಲ್ಲಿ ಒಣಗಿಸುವ ಸಿಲಿಕಾ ಪೊಟ್ಟಣ ಇಟ್ಟು ಕಾಪಾಡಿ.

ಗೊಸೆನ್ ಲೂನಾಸಿಕ್ಸ್‌ನಂಥ ಕ್ಯಾಡ್ಮಿಯಂ ಸಲ್ಫೈಡ್ ಸೆಲ್ಲಿನ ಮೀಟರುಗಳಿಗೆ, ಸೆಲೆನಿಯಂ ಮೀಟರುಗಳಂತಲ್ಲದೆ, ಬ್ಯಾಟರಿ ಬೇಕು. ಅವು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದವು, ಅದೀಗ ತಯಾರಾಗುತ್ತಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಓದು ತಪ್ಪುತ್ತದೆ. ಕಿವಿಯ ಶ್ರವಣಯಂತ್ರಕ್ಕೆ ಬಳಸುವ 675 ನಂಬರಿನ ಜಿಂಕ್-ಏರ್ ಬ್ಯಾಟರಿ ಹೆಚ್ಚುಕಡಿಮೆ ಅದೇ ವೋಲ್ಟೇಜು ಕೊಡುತ್ತದೆ. ಅದು ಗಾತ್ರದಲ್ಲಿ ಚಿಕ್ಕದು, ಸುತ್ತ ಒಂದು ಉಂಗುರ ಬೇಕಾಗುತ್ತದೆ. ಅದರ ಮೇಲಿನ ಚೀಟಿ ಕಿತ್ತ ದಿನದಿಂದಲೇ ಬ್ಯಾಟರಿ ಕರಗತೊಡಗುತ್ತದೆ, ಆ ತಾರೀಖನ್ನು ಮೀಟರಿನ ಚೀಲದೊಳಗೆ ಬರೆದಿಡಿ. ಇನ್ನೊಂದು ಮಾತು, ಈ ಕ್ಯಾಡ್ಮಿಯಂ ಸೆಲ್‌ಗಳು ಕಂಡ ಬೆಳಕನ್ನು ಬೇಗ ಮರೆಯುವುದಿಲ್ಲ. ಬಿಸಿಲಿನಿಂದ ಮನೆಯೊಳಗೆ ಬಂದ ಮೇಲೆ ಒಂದೆರಡು ನಿಮಿಷ ಬಿಟ್ಟು ಅಳೆಯಿರಿ.

ನಮಸ್ಕಾರ.