ಶೆಫೀಲ್ಡ್ ಪಾರ್ಕಿನ ಮೈದಾನ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯದ ಶೆಫೀಲ್ಡ್ ಶೀಲ್ಡ್ ಕ್ರಿಕೆಟ್ ಟೂರ್ನಿಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಮತ್ತೆ ಅದನ್ನೇ ಕೇಳುತ್ತಾರೆ. ಆ ಹೆಸರಿನ ಹಿಂದೆ ಇರುವವರು ಇಂಗ್ಲೆಂಡಿನದೇ ಸಸೆಕ್ಸ್ ಸೀಮೆಯ ಒಬ್ಬ ಜಮೀನ್ದಾರರು, ಲಾರ್ಡ್ ಶೆಫೀಲ್ಡ್. ಶೆಫೀಲ್ಡ್ ಪಾರ್ಕ್ ಎಂಬ ತಮ್ಮ ಬಂಗಲೆಯ ತೋಟದೊಳಗೇ ಅವರು ಮೈದಾನ ಇಟ್ಟುಕೊಂಡಿದ್ದರು. ಇಂಗ್ಲೆಂಡಿಗೆ ಬಂದಿಳಿದ ಆಸ್ಟ್ರೇಲಿಯ ತಂಡವನ್ನು 1884ರಿಂದ 1896ರವರೆಗೆ ಮತ್ತೆ ಮತ್ತೆ ಅಲ್ಲಿಗೆ ಕರೆಸಿ ಆಡಿಸಿದರು.

ಮುಖ್ಯವಾದ ಮಾತು ಇದು: ಅಲ್ಲಿ ಟಿಕೆಟ್ ಇರಲಿಲ್ಲ. ಶ್ರೀಮಂತರ ತೋಟದ ಬಾಗಿಲು ಸಾಮಾನ್ಯರಿಗೆ ತೆರೆಯದ ಆ ಕಾಲದಲ್ಲಿ, ಪಂದ್ಯದ ದಿನ ಯಾರು ಬೇಕಾದರೂ ಒಳಗೆ ಬರಬಹುದಿತ್ತು. 1882ರಲ್ಲಿ ಹತ್ತಿರದಲ್ಲೇ ರೈಲು ನಿಲ್ದಾಣವೂ ಆಗಿತ್ತು.

1896ರ ಮೇ ತಿಂಗಳ ಪಂದ್ಯವನ್ನಂತೂ ಹೇಳಲೇಬೇಕು. ನೋಡಲು ಸ್ವತಃ ವೇಲ್ಸ್ ರಾಜಕುಮಾರರು ಬಂದಿದ್ದಾರೆ. ಆಡಲು ನಮ್ಮ ರಣಜಿತ್ ಸಿಂಗ್‌ಜಿ ಇದ್ದಾರೆ. ಎರಡು ತಿಂಗಳ ನಂತರ ಮ್ಯಾಂಚೆಸ್ಟರಿನಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ ಔಟಾಗದೆ 154 ಹೊಡೆದವರು. ಕ್ರೀಸಿನಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ, ವೃತ್ತಿಯಲ್ಲಿ ವೈದ್ಯ ಡಬ್ಲ್ಯು. ಜಿ. ಗ್ರೇಸ್, ವಯಸ್ಸು 47, ಎದೆ ತುಂಬ ಗಡ್ಡ. ಎದುರಿಗೆ ಆಸ್ಟ್ರೇಲಿಯದ ಬೌಲರ್ ಅರ್ನಿ ಜೋನ್ಸ್, ಭಯಂಕರ ವೇಗ. ಒಂದು ಚೆಂಡು ಪುಟಿದೆದ್ದು ಗ್ರೇಸ್ ಅವರ ಗಡ್ಡವನ್ನು ಸೀಳಿಕೊಂಡು ಹಿಂದಕ್ಕೆ ಹಾರಿತು! ಗ್ರೇಸ್ ಪಿಚ್ ಮೇಲೆ ನಡೆದು ಬಂದು ‘ಏನಿದು, ಏನಿದು?’ ಎಂದು ಗದರಿಸಿದರಂತೆ. ‘ಕ್ಷಮಿಸಿ ಡಾಕ್ಟರೇ, ಕೈ ಜಾರಿತು’ ಎಂದರಂತೆ ಜೋನ್ಸ್. ಅದೇ ಪಂದ್ಯದಲ್ಲಿ ಜೋನ್ಸ್ ಚೆಂಡು ಇಂಗ್ಲೆಂಡಿನ ಮತ್ತೊಬ್ಬ ಆಟಗಾರ ಎಫ್. ಎಸ್. ಜಾಕ್ಸನ್ ಅವರ ಪಕ್ಕೆಲುಬನ್ನೇ ಮುರಿಯಿತು. ಅಂಥ ಕ್ರಿಕೆಟ್ಟನ್ನು ಹಳ್ಳಿಯ ರೈತರೂ ಕೂಲಿಯವರೂ ಕಾಸು ಕೊಡದೆ ಹುಲ್ಲಿನ ಮೇಲೆ ಕುಳಿತು ನೋಡುವುದು ಸಾಧ್ಯವಿತ್ತು, ಸ್ವಾಮಿ!

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1891–92ರಲ್ಲಿ ಗ್ರೇಸ್ ನಾಯಕತ್ವದ ತಂಡವನ್ನು ಲಾರ್ಡ್ ಶೆಫೀಲ್ಡ್ ಆಸ್ಟ್ರೇಲಿಯಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಕ್ರಿಕೆಟ್ಟಿಗೆಂದು 150 ಪೌಂಡ್ ಕೊಟ್ಟರು. ಆ ಹಣದಿಂದ ಮಾಡಿಸಿದ ಬಹುಮಾನ ಫಲಕವೇ ಶೆಫೀಲ್ಡ್ ಶೀಲ್ಡ್. 1909ರಲ್ಲಿ ಅವರು ತೀರಿಕೊಂಡರು. ಬಾಗಿಲು ತೆರೆದಿಡುವ ಯಜಮಾನರಿಲ್ಲದೆ ಮೈದಾನ ಹಾಳು ಬಿತ್ತು. ತೋಟವನ್ನು 1954ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ, ಹಳೆಯ ತೋಟ-ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ವಹಿಸಿಕೊಂಡಿತು. ಜನ ಹೂಗಿಡ ನೋಡಲು ಬಂದರು, ಕ್ರಿಕೆಟ್ ಮಾತ್ರ ಬರಲಿಲ್ಲ. ಅದಕ್ಕೆ 2009ರವರೆಗೆ ಕಾಯಬೇಕಾಯಿತು. ಆ ವರ್ಷ ಅಲ್ಲಿ ಮತ್ತೆ ಆಟ ಶುರುವಾಯಿತು.

ಲಂಡನ್ನಿನಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇರುವವರು ಅಲ್ಲಿಗೆ ಹೋದಾಗ ಲಾರ್ಡ್ಸ್ ಒಂದನ್ನೇ ನೋಡಿ ಬರಬೇಡಿ. ಬೇಸಿಗೆಯಲ್ಲಿ, ಪಂದ್ಯವಿರುವ ದಿನ ವಿಚಾರಿಸಿಕೊಂಡು, ದಯವಿಟ್ಟು ಶೆಫೀಲ್ಡ್ ಪಾರ್ಕಿಗೂ ಹೋಗಿ ಬನ್ನಿ. ನಮಸ್ಕಾರ.