ತವರಿಗೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಸೀಮಂತ ಮುಗಿದು, ಮಡಿಲು ತುಂಬಿಸಿಕೊಂಡು, ಚೊಚ್ಚಲ ಬಸುರಿ ತವರಿಗೆ ಹೊರಟಿರುತ್ತಾಳೆ. ಸೀರೆ, ಬಳೆ, ಚಕ್ಕುಲಿ ಡಬ್ಬ ಎಲ್ಲ ಚೀಲ ಸೇರುತ್ತವೆ. ತಾಯಿ ಕಾರ್ಡ್ ಮಾತ್ರ ಎಷ್ಟೋ ಸಲ ಗಂಡನ ಮನೆಯ ಬೀರುವಿನಲ್ಲೇ ಉಳಿದುಬಿಡುತ್ತದೆ. ತಿಂಗಳು ತಿಂಗಳು ನೋಡಿದ ತೂಕ, ರಕ್ತದೊತ್ತಡ, ರಕ್ತದ ಗುಂಪು, ಧನುರ್ವಾಯು-ಗಂಟಲಮಾರಿ ತಡೆಯಲು ಹಾಕಿಸಿಕೊಂಡ ಟಿಡಿ ಚುಚ್ಚುಮದ್ದು ಎಲ್ಲವೂ ಇರುವುದು ಅದರಲ್ಲೇ. ಹೊರಡುವ ಮುನ್ನ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ತವರು ಸೇರಿದ ವಾರದೊಳಗೆ ಅಲ್ಲಿನ ಆಶಾಗೆ ಕಾರ್ಡ್ ತೋರಿಸಿ, ಹೆಸರು ಬರೆಸಿ.

ಆ ಕಾರ್ಡಿನಲ್ಲಿ ಮನೆಯವರೂ ಓದಿ ತಿಳಿಯಬೇಕಾದ ಅಂಕಿ ಹಿಮೋಗ್ಲೋಬಿನ್. ಬಸುರಿಗೆ ಅದು 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಮಾತ್ರೆ ನುಂಗುತ್ತಾ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯ ಹೆರಿಗೆಯಲ್ಲೂ ಅರ್ಧ ಲೀಟರಿನಷ್ಟು ರಕ್ತ ಹೋಗಬಹುದು. ಮೈಯಲ್ಲಿ ರಕ್ತವಿದ್ದವಳು ತಡೆದುಕೊಳ್ಳುತ್ತಾಳೆ. ಮೊದಲೇ ಬಿಳಿಚಿಕೊಂಡವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಕುತ್ತು ಬರುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆಯಿದ್ದವರಿಗೆ ವೈದ್ಯರು ದಿನಕ್ಕೆರಡು ಬರೆಯುತ್ತಾರೆ. ಹಾಗೆ ತೆಗೆದುಕೊಂಡರೆ ತಿಂಗಳಲ್ಲಿ ಸುಮಾರು ಒಂದು ಗ್ರಾಂ ಏರಬೇಕು. ಏರಲಿಲ್ಲ ಎಂದರೆ, ಮಾತ್ರೆಯನ್ನು ಬೈಯುವ ಮೊದಲು ಅದನ್ನು ನುಂಗುವ ಹೊತ್ತು ನೋಡಿ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದರೊಳಗಿನ ಒಗರು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗಿದರೂ ಅದೇ ಕಥೆ.

ಹೀಗೆ ಮಾಡಿ. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಬೆಳಗಿನ ತಿಂಡಿಯ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಮಧ್ಯಾಹ್ನ ಒಂದಕ್ಕೆ ಉಂಡವರು ಮೂರು ಗಂಟೆಗೆ ಕೆಂಪು ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ. ನಿಂಬೆಯ ಹುಳಿ ಅದನ್ನು ಮೈಗೆ ಹತ್ತಿಸುತ್ತದೆ. ಟೀ ಬೇಕೇ ಬೇಕೆಂದರೆ ಐದರ ಮೇಲೆ ಆಗಲಿ. ಮಲ ಕಪ್ಪಗಾದರೆ ಹೆದರಬೇಡಿ, ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ವಾಕರಿಕೆ ಬಂದರೆ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು, ಆಗ ರಾತ್ರಿಯ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಬರಲಿ. ಕೆಂಪು ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ತುತ್ತು ಕಡಿಮೆ ಮಾಡುವ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ರಾಗಿ ಮುದ್ದೆ, ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ತಿನ್ನುವವರಾದರೆ ಮೊಟ್ಟೆ, ಹೊಟ್ಟೆ ತುಂಬ ಬಡಿಸಿ.

ಇನ್ನು ರಕ್ತದೊತ್ತಡ. 140/90 ಮುಟ್ಟಿದರೆ ಅಂದೇ ವೈದ್ಯರಿಗೆ ತೋರಿಸಿ. ಸಂಜೆಗೆ ಪಾದ ಸ್ವಲ್ಪ ಊದುವುದು ಸಹಜ. ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಯ ಕೆಳಗೆ ನೋವು ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ; ಫಿಟ್ಸ್ ಬರುವ ಮುನ್ಸೂಚನೆ ಇರಬಹುದು. ರಕ್ತಸ್ರಾವವಾದರೂ, ಮಗುವಿನ ಒದೆತ ಎಂದಿಗಿಂತ ಕಡಿಮೆಯಾದರೂ ಆ ಗಳಿಗೆಯಲ್ಲೇ ಹೊರಡಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಹೆರಿಗೆ ಎಲ್ಲಿ ಎಂಬುದನ್ನು ಎಂಟನೇ ತಿಂಗಳಲ್ಲೇ ನಿಶ್ಚಯಿಸಿ. ಸಿಸೇರಿಯನ್ ಬೇಕಾದರೆ ಅಲ್ಲೇ ಆಗುತ್ತದೆಯೇ, ರಕ್ತ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ರಕ್ತ ಕೊಡಬಲ್ಲ ಇಬ್ಬರನ್ನು ಮೊದಲೇ ಒಪ್ಪಿಸಿರಿ. ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಆಧಾರ್, ಬ್ಯಾಂಕ್ ಪುಸ್ತಕ, ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಮಗುವಿಗೆ ಟೋಪಿ ಇರಲಿ. ಜೇನುತುಪ್ಪ, ಸಕ್ಕರೆ ನೀರು ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲೇ ಮಗುವಿನ ಬಾಯಿಗೆ ಬೀಳಬೇಕು.

ಸುಳ್ಳು ಬೇನೆ ಮಲಗಿದರೆ, ಓಡಾಡಿದರೆ ತಗ್ಗುತ್ತದೆ. ನಿಜವಾದ ಬೇನೆ ಬೆನ್ನಿನಿಂದ ಕಿಬ್ಬೊಟ್ಟೆಗೆ ಬರುತ್ತದೆ, ಬರಬರುತ್ತಾ ಅಂತರ ಕಡಿಮೆಯಾಗುತ್ತದೆ. ಐದು ನಿಮಿಷಕ್ಕೊಮ್ಮೆ ಬರತೊಡಗಿದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮುಂಚೆ. ನೀರು ಒಡೆದರೆ ಬೇನೆಗೆ ಕಾಯಬೇಡಿ, ನೀರು ಹಸಿರಾಗಿದ್ದರೆ ದಾದಿಗೆ ಮೊದಲು ಅದನ್ನೇ ಹೇಳಿ. 108ಕ್ಕೆ ಕರೆ ಮಾಡಿದಾಗ ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುಡಿ ಅಥವಾ ಶಾಲೆಯ ಗುರುತು, ಎಷ್ಟನೇ ತಿಂಗಳು ಎಂಬುದನ್ನು ಸಾವಧಾನವಾಗಿ ತಿಳಿಸಿ. ರಾತ್ರಿಯಾದರೆ ಮನೆಯವರಲ್ಲೊಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯಲ್ಲಿ ನಿಂತಿರಲಿ.

ನಮಸ್ಕಾರ.